ನೆಲದಡಿಯ ಟ್ಯಾಂಕ್ ಸೋರಿದರೆ ಅಂತರ್ಜಲದಲ್ಲಿ ಅದರ ಜಾಡು ಹಿಡಿಯುವುದು ಹೇಗೆ?

ಬಾವಿ ನೀರಿಗೆ ಪೆಟ್ರೋಲ್ ವಾಸನೆ ಬಂದರೆ ಜನ ಮೊದಲು ಮಾಡುವುದು ಕೈಗೆ ಸಿಕ್ಕ ಬಾಟಲಿಯಲ್ಲಿ ನೀರು ಹಿಡಿದು ಲ್ಯಾಬಿಗೆ ಕೊಡುವ ಕೆಲಸ. ವರದಿ ‘ಪತ್ತೆಯಾಗಿಲ್ಲ’ ಎಂದರೆ ಎಲ್ಲರೂ ನಿರಾಳ. ‘ಪತ್ತೆಯಾಗಿದೆ’ ಎಂದರೆ ಹತ್ತಿರದ ಬಂಕಿನವರೊಡನೆ ಜಗಳ. ಎರಡೂ ಅವಸರದ ತೀರ್ಮಾನಗಳೇ. ಬಾಟಲಿಯೊಳಗೆ ಒಂದಿಷ್ಟು ಗಾಳಿ ಉಳಿದಿದ್ದರೆ, ಅಥವಾ ಪರೀಕ್ಷೆಗೆಂದು ಕೊರೆದ ಬಾವಿಯ ಜಾಲರಿ (ಪೈಪಿನೊಳಕ್ಕೆ ನೀರು ಬಿಡುವ ಸೀಳುಗಳಿರುವ ಭಾಗ) ಒಂದೆರಡು ಮೀಟರ್ ಕೆಳಗೆ ಕೂತಿದ್ದರೆ, ಕೆಟ್ಟ ನೀರೂ ಒಳ್ಳೆಯದೆಂದು ಪಾಸಾಗಿಬಿಡುತ್ತದೆ. ನೆಲದೊಳಗಿನ ಸೋರಿಕೆಯನ್ನು ಯಾರೂ ಕಣ್ಣಾರೆ ಕಾಣಲಾರರು. ಬೆರಳೆಣಿಕೆಯ ತೂತುಗಳನ್ನು ಕೊರೆದು, ಅಲ್ಲಿ ಸಿಕ್ಕ ಸುಳಿವಿನಿಂದ ಉಳಿದದ್ದನ್ನು ಕಟ್ಟಿಕೊಳ್ಳಬೇಕು. ಹಾಗಾಗಿ ತೂತು ಎಲ್ಲಿ ಕೊರೆದರು, ಎಷ್ಟು ಆಳಕ್ಕೆ ಇಳಿದರು, ನೀರನ್ನು ಹೇಗೆ ಹಿಡಿದರು ಎಂಬುದು ತಿಳಿಯದೆ ವರದಿಯ ಅಂಕಿಗೆ ಅರ್ಥವಿಲ್ಲ.

## ಸೋರುವುದು ಎಲ್ಲಿಂದ, ಎಷ್ಟು

ಟ್ಯಾಂಕ್ ಸೋರಿಕೆ ಎಂದು ಬಾಯಿಮಾತಿಗೆ ಹೇಳುತ್ತೇವೆ. ಆದರೆ ಟ್ಯಾಂಕಿನಿಂದ ಪಂಪಿಗೆ ಹೋಗುವ ಪೈಪು, ಅದರ ಜಾಯಿಂಟು, ಪಂಪಿನ ಬುಡದ ಬಾಗುವ ಕೊಳವೆ, ಟ್ಯಾಂಕರಿನಿಂದ ಎಣ್ಣೆ ಇಳಿಸುವ ಬಾಯಿ, ಇವೂ ಅಷ್ಟೇ ಸೋರುತ್ತವೆ. ಉಕ್ಕಿನ ಟ್ಯಾಂಕನ್ನು ಹೊರಗಿನಿಂದ ಒದ್ದೆ ಮಣ್ಣು ತಿನ್ನುತ್ತದೆ, ಒಳಗಿನಿಂದ ತಳದಲ್ಲಿ ಕೂತ ನೀರು ಮತ್ತು ಆ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ತಿನ್ನುತ್ತವೆ. ಅಳತೆಗೋಲು ದಿನವೂ ಒಂದೇ ಜಾಗಕ್ಕೆ ಬಡಿದು ಅಲ್ಲೇ ತೂತಾಗುವುದೂ ಉಂಟು. ಅದಕ್ಕೇ ಕೋಲು ಇಳಿಸುವ ಬಾಯಿಯ ನೇರ ಕೆಳಗೆ ಟ್ಯಾಂಕಿನ ತಳಕ್ಕೆ ಒಂದು ದಪ್ಪ ತಗಡು ಕೂರಿಸಿರುತ್ತಾರೆ.

ಅಮೆರಿಕದ ನಿಯಮಗಳ ಪ್ರಕಾರ ಟ್ಯಾಂಕಿನ ಬಿಗಿತನದ ಪರೀಕ್ಷೆ ಗಂಟೆಗೆ 0.1 ಗ್ಯಾಲನ್, ಅಂದರೆ ಸುಮಾರು 0.38 ಲೀಟರ್ ಸೋರಿಕೆಯನ್ನೂ ಹಿಡಿಯಬೇಕು. ಕೇಳಲು ಸಣ್ಣ ಲೆಕ್ಕ. ಆದರೆ ದಿನಕ್ಕೆ 9 ಲೀಟರ್, ವರ್ಷಕ್ಕೆ 3,300 ಲೀಟರ್ ದಾಟುತ್ತದೆ.

ಇಷ್ಟು ಹೋದರೂ ದಾಸ್ತಾನಿನ ಪುಸ್ತಕದಲ್ಲಿ ಕಾಣುವುದಿಲ್ಲವೇ? ತಿಂಗಳ ಮೇಲೆ ಕಾಣುತ್ತದೆ, ಒಂದು ದಿನದಲ್ಲಿ ಕಾಣುವುದಿಲ್ಲ. 10,000 ಲೀಟರ್ ಪೆಟ್ರೋಲ್ ಒಂದು ಡಿಗ್ರಿ ತಣ್ಣಗಾದರೆ ಸುಮಾರು 10 ಲೀಟರ್ ಕುಗ್ಗುತ್ತದೆ. ದಿನದ ಸೋರಿಕೆ ಆ ಏರಿಳಿತದಲ್ಲಿ ಮುಳುಗಿಹೋಗುತ್ತದೆ. ತನಿಖೆಗೆ ಬಂದವರು ಹಲವು ತಿಂಗಳ ಕೊರತೆಯನ್ನು ಒಂದರ ಕೆಳಗೊಂದು ಬರೆದು ನೋಡುವುದು ಇದಕ್ಕೇ. ಉಷ್ಣಾಂಶದ ವ್ಯತ್ಯಾಸ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತೋರಿಸುತ್ತದೆ. ಸೋರಿಕೆ ಯಾವಾಗಲೂ ಕಡಿಮೆಯನ್ನೇ ತೋರಿಸುತ್ತದೆ. ಮಾರಾಟ ಹೆಚ್ಚಿದ ದಿನಗಳಲ್ಲೇ ಕೊರತೆ ಹೆಚ್ಚಿದ್ದರೆ ಪೈಪಿನ ಮೇಲೆ ಅನುಮಾನ (ಪಂಪಿನ ಮೀಟರ್ ತಪ್ಪು ಅಳೆಯುತ್ತಿಲ್ಲ ಎಂಬುದನ್ನು ಮೊದಲು ಖಾತ್ರಿ ಮಾಡಿಕೊಳ್ಳಬೇಕು). ಬಂಕ್ ಮುಚ್ಚಿದ್ದಾಗಲೂ ಮಟ್ಟ ಇಳಿಯುತ್ತಿದ್ದು, ಒಂದು ಎತ್ತರಕ್ಕೆ ಬಂದು ನಿಂತುಬಿಟ್ಟರೆ ತೂತು ಆ ಎತ್ತರದಲ್ಲಿದೆ. ಅಂತರ್ಜಲ ಟ್ಯಾಂಕಿನ ತಳಕ್ಕಿಂತ ಮೇಲಿದ್ದರೆ ಆಟವೇ ತಿರುಗುತ್ತದೆ: ಹೊರಗಿನ ನೀರು ಒಳಗೆ ನುಗ್ಗಬಹುದು. ಕೋಲಿನ ತುದಿಗೆ ಹಚ್ಚಿದ, ನೀರು ತಾಗಿದರೆ ಬಣ್ಣ ಬದಲಿಸುವ ಪೇಸ್ಟ್ ಅದನ್ನು ಹೇಳುತ್ತದೆ.

## ನೆಲಕ್ಕಿಳಿದ ಮೇಲೆ ಪೆಟ್ರೋಲ್ ಏನಾಗುತ್ತದೆ

ಸೋರಿದ ಎಣ್ಣೆ ನೇರ ಕೆಳಗಿಳಿಯುತ್ತದೆ. ದಾರಿಯಲ್ಲಿ ಮಣ್ಣಿನ ಸಂದುಗಳಲ್ಲಿ ಒಂದಷ್ಟು ಸಿಕ್ಕಿಕೊಳ್ಳುತ್ತದೆ. ಸ್ಪಂಜನ್ನು ಎಷ್ಟು ಹಿಂಡಿದರೂ ಪಸೆ ಉಳಿಯುವ ಹಾಗೆ. ಒಂದಷ್ಟು ಆವಿಯಾಗಿ ಮಣ್ಣಿನ ಗಾಳಿಯಲ್ಲಿ ಹರಡುತ್ತದೆ. ಉಳಿದದ್ದು ಅಂತರ್ಜಲ ಮಟ್ಟಕ್ಕೆ ಮುಟ್ಟಿ ಅಲ್ಲಿ ತೇಲುತ್ತದೆ. ಲೀಟರ್ ನೀರು ಒಂದು ಕಿಲೋ ತೂಗಿದರೆ ಲೀಟರ್ ಪೆಟ್ರೋಲ್ ಸುಮಾರು 0.74 ಕಿಲೋ, ಡೀಸೆಲ್ 0.84ರ ಆಸುಪಾಸು. ಎರಡೂ ಮುಳುಗುವುದಿಲ್ಲ.

ತೇಲುವ ಪದರದಿಂದ ಕೆಲವು ರಾಸಾಯನಿಕಗಳು ಸ್ವಲ್ಪಸ್ವಲ್ಪವೇ ನೀರಿಗೆ ಕರಗುತ್ತವೆ. ಕರಗಿದ್ದು ಅಂತರ್ಜಲದ ಜೊತೆ ಸಾಗಿ, ಚಿಮಣಿಯ ಹೊಗೆ ಗಾಳಿ ಬೀಸುವ ಕಡೆಗೆ ಬಾಲ ಬೆಳೆಸಿದಂತೆ ನೀರು ಹರಿಯುವ ಕಡೆಗೆ ಉದ್ದವಾಗುತ್ತದೆ. ಪಕ್ಕದವರ ಬಾವಿಗೆ ತಲುಪುವುದು ಸಾಮಾನ್ಯವಾಗಿ ಈ ಬಾಲ.

ಇನ್ನೊಂದು ಸಂಗತಿ ತನಿಖೆಯಲ್ಲಿ ಪದೇ ಪದೇ ಕೈಕೊಡುತ್ತದೆ. ಮಳೆಗೆ ನೀರಿನ ಮಟ್ಟ ಏರುತ್ತದೆ, ಬೇಸಿಗೆಗೆ ಇಳಿಯುತ್ತದೆ. ತೇಲುವ ಎಣ್ಣೆಯೂ ಅದರೊಂದಿಗೆ ಏರಿಳಿದು ಒಂದೆರಡು ಮೀಟರ್ ದಪ್ಪದ ಮಣ್ಣಿಗೆ ಬಳಿದುಕೊಳ್ಳುತ್ತದೆ. ನೀರು ಏರಿದಾಗ ಆ ಬಳಿದ ಎಣ್ಣೆ ನೀರಿನಡಿ ಸಿಕ್ಕಿಬಿದ್ದು, ಬಾವಿಯಲ್ಲಿ ತೇಲುವ ಪದರವೇ ಕಾಣೆಯಾಗಬಹುದು. ಮಳೆಗಾಲದಲ್ಲಿ ಒಂದೇ ಸಲ ನೋಡಿ ‘ಎಣ್ಣೆ ಹೋಗಿದೆ’ ಎಂದು ಬರೆದುಕೊಟ್ಟ ವರದಿಯನ್ನು ಬೇಸಿಗೆ ಸುಳ್ಳಾಗಿಸುತ್ತದೆ.

## ಹುಡುಕುವುದು ಏನನ್ನು

ಪೆಟ್ರೋಲ್ ನೂರಾರು ರಾಸಾಯನಿಕಗಳ ಮಿಶ್ರಣ. ನೀರಿನ ವಿಷಯಕ್ಕೆ ಬಂದರೆ ಮುಖ್ಯವಾದವು ನಾಲ್ಕು: ಬೆಂಜೀನ್, ಟೊಲ್ವೀನ್, ಈಥೈಲ್ ಬೆಂಜೀನ್, ಕ್ಸೈಲೀನ್. ನಾಲ್ಕರ ಮೊದಲ ಇಂಗ್ಲಿಷ್ ಅಕ್ಷರ ಸೇರಿಸಿ ‘ಬಿಟೆಕ್ಸ್’ ಎನ್ನುತ್ತಾರೆ. ಇವುಗಳಲ್ಲಿ ಬೆಂಜೀನ್ ಹೆಚ್ಚು ಕರಗುತ್ತದೆ, ಹೆಚ್ಚು ಕೆಡುಕಿನದೂ ಹೌದು. ರಕ್ತದ ಕ್ಯಾನ್ಸರಿಗೆ ಕಾರಣವೆಂದು ಖಚಿತವಾಗಿರುವ ವಸ್ತು. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಮೆರಿಕದ್ದು 5, ಐರೋಪ್ಯ ಒಕ್ಕೂಟದ್ದು 1. ಒಂದು ಮೈಕ್ರೋಗ್ರಾಂ ಎಂದರೆ ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲು.

ಒಂದು ಲೆಕ್ಕ ಹಾಕಿ ನೋಡಿ. ಪೆಟ್ರೋಲಿನಲ್ಲಿ ಬೆಂಜೀನ್ ಗಾತ್ರದಲ್ಲಿ 1 ಶೇಕಡಾ ಇದೆ ಎಂದುಕೊಳ್ಳೋಣ. ಲೀಟರಿನಲ್ಲಿ 10 ಮಿಲಿಲೀಟರ್, ತೂಕದಲ್ಲಿ ಸುಮಾರು 8.8 ಗ್ರಾಂ. ಅದನ್ನು ಲೀಟರಿಗೆ 10 ಮೈಕ್ರೋಗ್ರಾಮಿನಂತೆ ಹಂಚಿದರೆ 8 ಲಕ್ಷ 80 ಸಾವಿರ ಲೀಟರ್ ನೀರು ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಇದು ಒಂದೇ ಒಂದು ಲೀಟರ್ ಪೆಟ್ರೋಲಿನ ಲೆಕ್ಕ.

ಮೂಗನ್ನು ನಂಬುವಂತಿಲ್ಲ. ಬೆಂಜೀನ್ ಮಿತಿಗಿಂತ ನೂರಾರು ಪಟ್ಟು ಹೆಚ್ಚಾಗುವವರೆಗೂ ನೀರಿನಲ್ಲಿ ಅದರ ವಾಸನೆ ಗೊತ್ತಾಗದಿರಬಹುದು. ಕುದಿಸಿದರೆ ಹೋಗುತ್ತದಲ್ಲ ಎಂದರೆ, ಹೋಗುತ್ತದೆ, ಮನೆಯ ಗಾಳಿಗೆ. ಬಿಸಿನೀರಿನ ಸ್ನಾನದಲ್ಲೂ ಅಷ್ಟೇ, ಕುಡಿಯದಿದ್ದರೂ ಉಸಿರಿನಲ್ಲಿ ಒಳಹೋಗುತ್ತದೆ. ಅನುಮಾನ ಬಂದ ನೀರನ್ನು ಫಲಿತಾಂಶ ಬರುವವರೆಗೆ ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬಳಸದಿರುವುದೇ ಸರಿ.

ಪಟ್ಟಿಯಲ್ಲಿ ಇನ್ನೆರಡು ಸೇರುತ್ತವೆ. ಪೆಟ್ರೋಲಿಗೆ ಬೆರೆಸುವ ಎಂಟಿಬಿಇ ಎಂಬ ಮಿಶ್ರಕ ನೀರಿನಲ್ಲಿ ಬೆಂಜೀನಿಗಿಂತ ಎಷ್ಟೋ ಪಟ್ಟು ಹೆಚ್ಚು ಕರಗುತ್ತದೆ, ಮಣ್ಣಿಗೆ ಅಂಟದೆ ಹೆಚ್ಚುಕಡಿಮೆ ನೀರಿನ ವೇಗದಲ್ಲೇ ಓಡುತ್ತದೆ. ಅಮೆರಿಕದ ಸಾಂತಾ ಮೋನಿಕಾ ನಗರ 1996ರಲ್ಲಿ ಕುಡಿಯುವ ನೀರಿನ ಬಾವಿಗಳನ್ನು ಮುಚ್ಚಬೇಕಾಗಿ ಬಂದದ್ದು ಇದರಿಂದಲೇ. ಇನ್ನೊಂದು ಎಥನಾಲ್. ಅದರಷ್ಟಕ್ಕೆ ಅದು ಬೇಗ ಕರಗಿ ಕೊಳೆಯುತ್ತದೆ. ಆದರೆ ಬ್ಯಾಕ್ಟೀರಿಯಾಗಳು ಸುಲಭದ ಎಥನಾಲನ್ನು ಮೊದಲು ತಿಂದು ಬೆಂಜೀನನ್ನು ಆಮೇಲಕ್ಕೆ ಬಿಡುತ್ತವೆ. ಅಷ್ಟರಲ್ಲಿ ಬೆಂಜೀನ್ ಇನ್ನಷ್ಟು ದೂರ ಸಾಗಿರುತ್ತದೆ.

## ಮೊದಲ ಕೆಲಸ: ಬೆಂಕಿಯ ಅಪಾಯ

ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು 1.4 ಶೇಕಡಾ ಆದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಈ ಆವಿ ಗಾಳಿಗಿಂತ ಭಾರ. ಚರಂಡಿ, ನೆಲಮಾಳಿಗೆ, ಕೇಬಲ್ ಗುಂಡಿ, ತೆರೆದ ಬಾವಿಯ ಒಡಲಲ್ಲಿ ಕೂರುತ್ತದೆ. ಹಾಗಾಗಿ ಮಣ್ಣು ನೀರು ಎನ್ನುವ ಮೊದಲು ಅನಿಲ ಮಾಪಕ ಇಳಿಬಿಟ್ಟು ಇವನ್ನೆಲ್ಲ ನೋಡುತ್ತಾರೆ, ಮಾರಾಟ ನಿಲ್ಲಿಸಿ ಅನುಮಾನದ ಟ್ಯಾಂಕನ್ನು ಖಾಲಿ ಮಾಡಿಸುತ್ತಾರೆ. ವಾಸನೆಯ ಬಾವಿಗೆ ಬೆಂಕಿಕಡ್ಡಿ ಗೀರಿ ಇಣುಕುವುದು, ಯಾರನ್ನಾದರೂ ಇಳಿಸುವುದು, ಎರಡೂ ಪ್ರಾಣಕ್ಕೆ ಎರವು.

## ಮಣ್ಣಿನ ಸಾಕ್ಷಿ

ಕೊರೆಯುವ ಮೊದಲು ನಕ್ಷೆ. ಟ್ಯಾಂಕುಗಳು ಎಲ್ಲಿವೆ, ಹಳೆಯವು ಎಲ್ಲಿದ್ದವು, ಪೈಪು, ಚರಂಡಿ, ನೀರಿನ ಕೊಳವೆ ಹೇಗೆ ಹಾದಿವೆ, ಸುತ್ತಲಿನ ಬಾವಿಗಳ ಆಳ ಎಷ್ಟು. ಕೊಳವೆ ಹೂಳಲು ತೆಗೆದ ಕಾಲುವೆಗೆ ಮರಳು ಜಲ್ಲಿ ತುಂಬಿರುತ್ತಾರೆ. ಸುತ್ತ ಜೇಡಿಮಣ್ಣಿದ್ದರೆ ಎಣ್ಣೆಗೆ ಆ ಕಾಲುವೆಯೇ ರಾಜಮಾರ್ಗ. ಅಂತರ್ಜಲದ ಇಳಿಜಾರಿಗೆ ಅಡ್ಡಲಾಗಿ ಸಾಗಿ, ಯಾರೂ ನಿರೀಕ್ಷಿಸದ ಕಡೆ ಮೇಲೇಳುತ್ತದೆ.

ಬೋರ್ ಇಳಿದಂತೆ ಪ್ರತಿ ಅರ್ಧ ಅಥವಾ ಒಂದು ಮೀಟರಿಗೆ ಮಣ್ಣು ತೆಗೆದು, ಝಿಪ್ ಚೀಲದಲ್ಲಿ ಅರ್ಧ ತುಂಬಿ, ಹತ್ತು ಹದಿನೈದು ನಿಮಿಷ ಬಿಡುತ್ತಾರೆ. ಆಮೇಲೆ ಪಿಐಡಿ ಎಂಬ ಕೈ ಉಪಕರಣದ ಮೂತಿಯನ್ನು ಚೀಲಕ್ಕೆ ಚುಚ್ಚಿ ಒಳಗಿನ ಆವಿ ಅಳೆಯುತ್ತಾರೆ. ನೇರಳಾತೀತ ದೀಪದ ಬೆಳಕು ಆವಿಯ ಅಣುಗಳಿಗೆ ವಿದ್ಯುದಂಶ ಕೊಟ್ಟು, ಹುಟ್ಟುವ ಕರೆಂಟನ್ನು ಅಂಕಿಯಾಗಿ ತೋರಿಸುವ ಉಪಕರಣ ಇದು. ಯಾವ ರಾಸಾಯನಿಕ ಎಂದು ಹೇಳಲಾರದು, ಒದ್ದೆ ಗಾಳಿಯಲ್ಲಿ ಎಡವುತ್ತದೆ. ಆದರೆ ಲ್ಯಾಬಿಗೆ ಯಾವ ಆಳದ ಮಣ್ಣು ಕಳಿಸಬೇಕೆಂಬುದನ್ನು ಅಲ್ಲೇ ನಿಂತು ತೀರ್ಮಾನಿಸಲು ಇದರಷ್ಟು ಉಪಯೋಗದ್ದು ಇನ್ನೊಂದಿಲ್ಲ. ಅಂಕಿ ಅಂತರ್ಜಲ ಮಟ್ಟದ ಹತ್ತಿರ ಮಾತ್ರ ಜಿಗಿದರೆ ಎಣ್ಣೆ ಬೇರೆಡೆಯಿಂದ ತೇಲಿ ಬಂದಿದೆ. ಮೇಲಿನಿಂದ ಕೆಳಗಿನವರೆಗೂ ಹೆಚ್ಚಿದ್ದರೆ ಸೋರಿದ ಜಾಗ ಅಲ್ಲೇ ಹತ್ತಿರ.

ಲ್ಯಾಬಿಗೆ ಹೋಗುವ ಮಣ್ಣನ್ನು ಅಗಲ ಬಾಯಿಯ ಡಬ್ಬಿಗೆ ಚಮಚದಲ್ಲಿ ತುಂಬಿದರೆ ಬೆಂಜೀನ್ ದಾರಿಯಲ್ಲೇ ಹಾರಿಹೋಗುತ್ತದೆ. ಸಣ್ಣ ಸಿರಿಂಜಿನಂಥ ಕೊಳವೆಯಲ್ಲಿ ಸುಮಾರು 5 ಗ್ರಾಂ ಎತ್ತಿ ತಕ್ಷಣ ಮೆಥನಾಲ್ ಇರುವ ಶೀಶೆಗೆ ಇಳಿಸಬೇಕು.

## ವೀಕ್ಷಣಾ ಬಾವಿ: ತಪ್ಪುಗಳು ಹುಟ್ಟುವ ಜಾಗ

ಅಂತರ್ಜಲಕ್ಕೆ ಇಳಿಸುವುದು ಸಾಮಾನ್ಯವಾಗಿ 50 ಮಿಲಿಮೀಟರ್ ಪಿವಿಸಿ ಪೈಪು. ಅದರ ಕೆಳಭಾಗದ ಸುಮಾರು 3 ಮೀಟರಿಗೆ ಕೂದಲೆಳೆಯಂಥ ಸೀಳುಗಳು, ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರ್. ಇದೇ ಜಾಲರಿ. ಸುತ್ತ ತೊಳೆದ ಮರಳು, ಅದು ಜಾಲರಿಗಿಂತ ಅರ್ಧ ಮೀಟರಿನಷ್ಟು ಮೇಲಕ್ಕೆ ಬರಬೇಕು. ಅದರ ಮೇಲೆ ಸುಮಾರು 60 ಸೆಂಟಿಮೀಟರ್ ಬೆಂಟೊನೈಟ್, ಅಂದರೆ ನೀರು ಕುಡಿದು ಉಬ್ಬುವ ಜೇಡಿ. ಆಮೇಲೆ ಸಿಮೆಂಟ್, ಬೀಗದ ಮುಚ್ಚಳ. ಬೆಂಟೊನೈಟ್ ಸರಿಯಾಗಿ ಕೂರದಿದ್ದರೆ ನೆಲದ ಮೇಲೆ ಚೆಲ್ಲಿದ ಎಣ್ಣೆ ಮಳೆ ನೀರಿನ ಜೊತೆ ಪೈಪಿನ ಹೊರಮೈ ಹಿಡಿದು ಇಳಿದು, ಬಾವಿಯೇ ಮಾಲಿನ್ಯ ತಂದಂತಾಗುತ್ತದೆ. ಪೈಪುಗಳನ್ನು ಅಂಟು ಹಾಕಿ ಜೋಡಿಸಬಾರದು, ತುದಿಯ ತಿರುಪು ಸುತ್ತುಗಳಿಂದ ತಿರುಗಿಸಿ ಕೂರಿಸಬೇಕು. ಅಂಟಿನ ದ್ರಾವಕವೇ ನೀರಿಗೆ ಬಂದು ವರದಿಯಲ್ಲಿ ಕೂರುತ್ತದೆ.

ಜಾಲರಿ ನೀರಿನ ಮಟ್ಟದ ಮೇಲೂ ಕೆಳಗೂ ಚಾಚಿರಬೇಕು. ಪೂರ್ತಿ ನೀರಿನೊಳಗೆ ಮುಳುಗಿದ ಜಾಲರಿಗೆ ತೇಲುವ ಎಣ್ಣೆ ನುಗ್ಗಲು ದಾರಿಯೇ ಇಲ್ಲ. ಹೊರಗೆ ಅರ್ಧ ಮೀಟರ್ ಪೆಟ್ರೋಲ್ ತೇಲುತ್ತಿದ್ದರೂ ಒಳಗೆ ತಿಳಿನೀರು. ಮನೆಬಳಕೆಯ ಆಳದ ಕೊಳವೆಬಾವಿಯ ನೀರು ಪರೀಕ್ಷಿಸಿ ‘ಸೋರಿಕೆ ಇಲ್ಲ’ ಎನ್ನುವುದೂ ಇದೇ ತಪ್ಪಿನ ಇನ್ನೊಂದು ಮುಖ.

ಎಣ್ಣೆ ಇದೆಯೇ ಎಂದು ನೋಡಲು ಟೇಪಿನ ತುದಿಗೆ ಕಟ್ಟಿದ ಸಂವೇದಕ ಇಳಿಸುತ್ತಾರೆ. ಎಣ್ಣೆ ತಾಗಿದರೆ ಒಂದು ಬಗೆಯ ಸದ್ದು, ನೀರು ತಾಗಿದರೆ ಇನ್ನೊಂದು. ಬಾವಿಯಲ್ಲಿ 40 ಸೆಂಟಿಮೀಟರ್ ಎಣ್ಣೆ ಕಂಡರೆ ಹೊರಗಿನ ಮಣ್ಣಿನಲ್ಲೂ 40 ಸೆಂಟಿಮೀಟರ್ ಎಣ್ಣೆ ಕೆರೆಯಂತೆ ನಿಂತಿದೆ ಎಂದಲ್ಲ. ಮಣ್ಣಿನ ಸಂದುಗಳನ್ನು ಅದು ನೀರು, ಗಾಳಿಯೊಡನೆ ಹಂಚಿಕೊಂಡಿರುತ್ತದೆ.

## ನೀರು ಯಾವ ಕಡೆಗೆ ಹರಿಯುತ್ತದೆ

ಎರಡು ಬಾವಿಯಿಂದ ದಿಕ್ಕು ಸಿಗದು, ಒಂದೇ ಗೆರೆಯಲ್ಲಿರುವ ಮೂರರಿಂದಲೂ ಸಿಗದು. ತ್ರಿಕೋನದಲ್ಲಿ ಮೂರು ಬೇಕು. ಪೈಪುಗಳ ತಲೆಯ ಎತ್ತರವನ್ನು ಸರ್ವೆ ಉಪಕರಣದಿಂದ ಮಿಲಿಮೀಟರುಗಳ ಲೆಕ್ಕದಲ್ಲಿ ಅಳೆದು, ಅಲ್ಲಿಂದ ಒಳಗಿನ ನೀರಿನ ಮೇಲ್ಮೈವರೆಗಿನ ಆಳ ಕಳೆಯುತ್ತಾರೆ. ಒಂದರಲ್ಲಿ ನೀರಿನ ಮಟ್ಟ 98.60 ಮೀಟರ್, ಎರಡನೆಯದರಲ್ಲಿ 98.20, ಮೂರನೆಯದರಲ್ಲಿ 98.40 ಎನ್ನಿ. ಮೊದಲೆರಡರ ನಡುವೆ ಗೆರೆ ಎಳೆದರೆ ಅದರ ಮಧ್ಯಬಿಂದುವೂ 98.40. ಆ ಬಿಂದುವನ್ನು ಮೂರನೇ ಬಾವಿಗೆ ಸೇರಿಸಿದರೆ ಸಮಮಟ್ಟದ ಗೆರೆ ಸಿಕ್ಕಿತು. ಅದಕ್ಕೆ ಲಂಬವಾಗಿ, ತಗ್ಗಿನ ಕಡೆಗೆ ನೀರು ಹರಿಯುತ್ತದೆ.

ಇಲ್ಲೊಂದು ಎಡವುವ ಜಾಗವಿದೆ. ಬಾವಿಯಲ್ಲಿ 40 ಸೆಂಟಿಮೀಟರ್ ಪೆಟ್ರೋಲ್ ತೇಲುತ್ತಿದ್ದರೆ ಅದರ ಭಾರ ಕೆಳಗಿನ ನೀರನ್ನು ಸುಮಾರು 30 ಸೆಂಟಿಮೀಟರ್ ತಗ್ಗಿಸಿರುತ್ತದೆ (40ನ್ನು 0.74ರಿಂದ ಗುಣಿಸಿ). ಅಷ್ಟನ್ನು ವಾಪಸು ಕೂಡಿಸದಿದ್ದರೆ ಟ್ಯಾಂಕಿನ ಪಕ್ಕದ ಬಾವಿ ಎಲ್ಲಕ್ಕಿಂತ ತಗ್ಗಾಗಿ ಕಂಡು, ನಕ್ಷೆಯಲ್ಲಿ ನೀರು ಸುತ್ತಲಿಂದ ಟ್ಯಾಂಕಿನ ಕಡೆಗೇ ಹರಿಯುತ್ತದೆ. ಮೇಲಿನ ಲೆಕ್ಕದಲ್ಲಿ ಬಾವಿ ಬಾವಿಗಳ ನಡುವಿನ ವ್ಯತ್ಯಾಸವೇ 20ರಿಂದ 40 ಸೆಂಟಿಮೀಟರ್ ಇತ್ತು ಎಂಬುದು ನೆನಪಿರಲಿ.

ವೇಗ? ನೀರನ್ನು ತನ್ನೊಳಗೆ ಹಾಯಲು ಬಿಡುವ ಗುಣ ದಿನಕ್ಕೆ 10 ಮೀಟರ್ ಇರುವ ಮರಳು, 100 ಮೀಟರಿಗೆ 50 ಸೆಂಟಿಮೀಟರ್ ಇಳಿಜಾರು, ನಾಲ್ಕರಲ್ಲೊಂದು ಪಾಲು ಸಂದು ಎಂದಿಟ್ಟುಕೊಂಡರೆ 10ನ್ನು 0.005ರಿಂದ ಗುಣಿಸಿ 0.25ರಿಂದ ಭಾಗಿಸಬೇಕು: ದಿನಕ್ಕೆ 20 ಸೆಂಟಿಮೀಟರ್, ವರ್ಷಕ್ಕೆ 73 ಮೀಟರ್. ಬೆಂಜೀನ್ ಮಣ್ಣಿಗೆ ಅಂಟುತ್ತ, ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತ ಇದಕ್ಕಿಂತ ನಿಧಾನ ಸಾಗುತ್ತದೆ. ಗಟ್ಟಿಬಂಡೆಯ ನೆಲದಲ್ಲಿ ಈ ಲೆಕ್ಕ ನಡೆಯದು. ಅಲ್ಲಿ ನೀರು ಬಿರುಕುಗಳ ಪಾಲು. ಪಕ್ಕದ ಬಾವಿ ಚೊಕ್ಕಟವಾಗಿದ್ದು ನೂರಾರು ಮೀಟರ್ ಆಚೆಯದು ಕೆಡಬಹುದು. ಯಾರೋ ಜೋರಾಗಿ ಪಂಪು ಓಡಿಸಿದರೆ ದಿಕ್ಕೇ ಬದಲಾಗಬಹುದು.

## ನೀರು ಹಿಡಿಯುವ ಕ್ರಮ

ಪೈಪಿನಲ್ಲಿ ನಿಂತ ನೀರು ಗಾಳಿಗೆ ಒಡ್ಡಿ ಬೆಂಜೀನ್ ಕಳೆದುಕೊಂಡಿರುತ್ತದೆ. ಅದನ್ನು ತೆಗೆದು ಹೊಸ ನೀರು ಬರಿಸಬೇಕು. 50 ಮಿಲಿಮೀಟರ್ ಪೈಪಿನಲ್ಲಿ ಮೀಟರಿಗೆ ಸುಮಾರು 2 ಲೀಟರ್ ನೀರಿರುತ್ತದೆ. ಹಳೆಯ ಪದ್ಧತಿಯಲ್ಲಿ ಒಟ್ಟು ನೀರಿನ ಮೂರು ಪಟ್ಟು ಹೊರಹಾಕುತ್ತಾರೆ. ಈಗ ಹೆಚ್ಚು ಮೆಚ್ಚುವುದು ನಿಧಾನದ ಪಂಪು: ನಿಮಿಷಕ್ಕೆ ಅರ್ಧ ಲೀಟರಿಗಿಂತ ಹೆಚ್ಚಿಲ್ಲದಂತೆ ಎಳೆದು, ಪಿಎಚ್, ವಾಹಕತೆ, ಕರಗಿದ ಆಮ್ಲಜನಕ ಮೂರೂ ಸ್ಥಿರವಾದ ಮೇಲೆ ನೀರು ಹಿಡಿಯುತ್ತಾರೆ. ಚೊಕ್ಕಟ ಬಾವಿಯಿಂದ ಶುರುಮಾಡಿ ಕೊಳಕಿನದಕ್ಕೆ ಹೋಗಬೇಕು, ಪ್ರತಿ ಬಾವಿಗೆ ಹೊಸ ಕೈಗವಸು.

ಶೀಶೆ 40 ಮಿಲಿಲೀಟರಿನದು, ಒಳಗೆ ಮೊದಲೇ ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ. ಬ್ಯಾಕ್ಟೀರಿಯಾ ದಾರಿಯಲ್ಲಿ ಬೆಂಜೀನ್ ತಿನ್ನದಿರಲಿ ಎಂದು. ಆಮ್ಲ ಹೊರಚೆಲ್ಲದಂತೆ, ಗೋಡೆ ಹಿಡಿದು ನಿಧಾನವಾಗಿ ತುಂಬಿ, ನೀರು ಬಾಯಿಯ ಮೇಲೆ ಉಬ್ಬಿ ನಿಂತಾಗ ಮುಚ್ಚಬೇಕು. ತಲೆಕೆಳಗು ಮಾಡಿ ತಟ್ಟಿದಾಗ ಗುಳ್ಳೆ ಎದ್ದರೆ ಆ ಶೀಶೆ ಬೇಡ, ಇನ್ನೊಂದು ತುಂಬಿ. ಮಂಜಿನ ಪೆಟ್ಟಿಗೆಯಲ್ಲಿ 4 ಡಿಗ್ರಿಯ ಆಸುಪಾಸಿನಲ್ಲಿಟ್ಟು 14 ದಿನದೊಳಗೆ ಪರೀಕ್ಷೆಯಾಗಬೇಕು. ಜೊತೆಗೆ ಲ್ಯಾಬಿನಲ್ಲೇ ಶುದ್ಧ ನೀರು ತುಂಬಿ ಮುಚ್ಚಿದ ಒಂದು ಶೀಶೆ ಹೋಗಿ ಬರುತ್ತದೆ, ಅದನ್ನು ಎಲ್ಲೂ ತೆರೆಯುವುದಿಲ್ಲ. ಅದರಲ್ಲೂ ಬೆಂಜೀನ್ ಕಂಡರೆ ಕಲಬೆರಕೆ ಬಾವಿಯದಲ್ಲ, ಪ್ರಯಾಣದ್ದು. ನೀರು ಹಿಡಿಯುವವರು ಅದೇ ಗಾಡಿಗೆ ದಾರಿಯಲ್ಲಿ ಪೆಟ್ರೋಲ್ ಹಾಕಿಸಿ, ಅದೇ ಕೈಯಲ್ಲಿ ಶೀಶೆ ಮುಟ್ಟುವುದು ಇಂಥದ್ದಕ್ಕೆ ಹಳೆಯ ಕಾರಣ.

## ವರದಿಯನ್ನು ಓದುವುದು

‘ಪತ್ತೆಯಾಗಿಲ್ಲ’ ಎಂಬುದರ ಪಕ್ಕದಲ್ಲಿ ಪತ್ತೆಮಿತಿ ಎಷ್ಟೆಂದು ಬರೆದಿರಬೇಕು. ಲ್ಯಾಬು 50 ಮೈಕ್ರೋಗ್ರಾಮಿಗಿಂತ ಕೆಳಗೆ ಅಳೆಯಲಾರದಿದ್ದರೆ, 10ರ ಮಿತಿಗೆ ಆ ಉತ್ತರದಿಂದ ಏನೂ ತಿಳಿಯದು. ಕೊಳಕು ನೀರನ್ನು ನೂರು ಪಟ್ಟು ತೆಳುಮಾಡಿ ಅಳೆದಾಗಲೂ ಪತ್ತೆಮಿತಿ ನೂರು ಪಟ್ಟು ಏರುತ್ತದೆ. ಮಿಲಿಗ್ರಾಂ, ಮೈಕ್ರೋಗ್ರಾಂ ಅದಲುಬದಲಾದರೆ ಸಾವಿರ ಪಟ್ಟಿನ ಎಡವಟ್ಟು. ಯೂನಿಟ್ ಮೊದಲು ನೋಡಿ.

ಬೆಂಜೀನ್ ಕಾಣದಿದ್ದರೂ ನೀರು ಮಾತಾಡುತ್ತದೆ. ಬ್ಯಾಕ್ಟೀರಿಯಾಗಳು ಬೆಂಜೀನ್ ತಿನ್ನಲು ಅದರ ತೂಕದ ಮೂರು ಪಟ್ಟು ಆಮ್ಲಜನಕ ಬಳಸುತ್ತವೆ. ಅದು ಮುಗಿದರೆ ನೈಟ್ರೇಟ್, ಆಮೇಲೆ ಕಬ್ಬಿಣ, ಸಲ್ಫೇಟ್, ಕೊನೆಗೆ ಮೀಥೇನ್ ಹುಟ್ಟುವ ಹಂತ. ಒಂದು ಬಾವಿಯಲ್ಲಿ ಆಮ್ಲಜನಕ ಶೂನ್ಯದ ಹತ್ತಿರ, ಕರಗಿದ ಕಬ್ಬಿಣ ಹೆಚ್ಚು, ಕೊಳೆತ ಮೊಟ್ಟೆಯ ವಾಸನೆ, ಪಕ್ಕದ ಬಾವಿಯಲ್ಲಿ ಇದಾವುದೂ ಇಲ್ಲ ಎಂದರೆ ಬಾಲ ಆ ದಾರಿಯಲ್ಲಿ ಹಾದಿದೆ. ಬಾಲ ಅನಂತವಾಗಿ ಬೆಳೆಯದಿರುವುದೂ ಈ ಬ್ಯಾಕ್ಟೀರಿಯಾಗಳಿಂದಲೇ. ಕ್ಯಾಲಿಫೋರ್ನಿಯಾದ ಟ್ಯಾಂಕ್ ಸೋರಿಕೆಗಳ ಬಗ್ಗೆ 1995ರಲ್ಲಿ ಬಂದ ಅಧ್ಯಯನದಲ್ಲಿ ಬೆಂಜೀನ್ ಬಾಲಗಳು 250 ಅಡಿ, ಅಂದರೆ 76 ಮೀಟರ್ ದಾಟಿದ್ದು ಅಪರೂಪ. ಇದನ್ನು ಹಿಡಿದು ‘ತಾನಾಗಿ ಸರಿಹೋಗುತ್ತದೆ’ ಎನ್ನುವವರಿದ್ದಾರೆ. ಸೋರಿಕೆ ನಿಂತಿರಬೇಕು, ತೇಲುವ ಎಣ್ಣೆ ತೆಗೆದಿರಬೇಕು, ಬಾಲ ಕುಗ್ಗುತ್ತಿದೆ ಎಂದು ಹಲವು ಸುತ್ತಿನ ಅಂಕಿ ತೋರಿಸಬೇಕು. ಆಗ ಮಾತ್ರ ಆ ಮಾತಿಗೆ ಬೆಲೆ.

ಎರಡು ಬಂಕುಗಳಿದ್ದು ಯಾರದ್ದು ಸೋರಿಕೆ ಎಂಬ ಪ್ರಶ್ನೆ ಬಂದರೆ ಮಿಶ್ರಕಗಳು ನೆರವಾಗುತ್ತವೆ. ಹಿಂದೆ ಸೀಸ ಬೆರೆಸಿದ ಪೆಟ್ರೋಲಿನಲ್ಲಿ ಈಥೈಲೀನ್ ಡೈಬ್ರೋಮೈಡ್ ಇರುತ್ತಿತ್ತು. ಅದು ಸಿಕ್ಕರೆ ಸೋರಿಕೆ ಆ ಕಾಲದ್ದಿರಬೇಕು. ಬೆಂಜೀನ್, ಟೊಲ್ವೀನ್ ಬೇಗ ತೊಳೆದುಹೋಗುತ್ತವೆ, ಆದ್ದರಿಂದ ಎಣ್ಣೆಯ ಹತ್ತಿರದ ನೀರಿನಲ್ಲಿ ಅವು ಧಾರಾಳವಾಗಿದ್ದರೆ ಸೋರಿಕೆ ಹೊಸದು. ಆದರೆ ಹಳೆಯದರ ಮೇಲೆ ಹೊಸದು ಬಿದ್ದ ಜಾಗದಲ್ಲಿ ಇಷ್ಟರಿಂದಲೇ ತೀರ್ಪು ಕೊಡಲಾಗದು.

## ಶುದ್ಧೀಕರಣ ಮುಗಿದ ಮೇಲೂ

ತೇಲುವ ಎಣ್ಣೆಯನ್ನು ಪಂಪಿನಿಂದ ತೆಗೆಯುತ್ತಾರೆ, ಮಣ್ಣಿನ ಆವಿಯನ್ನು ಬ್ಲೋವರಿನಿಂದ ಎಳೆಯುತ್ತಾರೆ, ನೀರಿಗೆ ಗಾಳಿ ಊದುತ್ತಾರೆ. ಯಂತ್ರ ಓಡುತ್ತಿರುವಾಗ ಅಂಕಿಗಳು ಚೆನ್ನಾಗಿ ಇಳಿಯುತ್ತವೆ. ನಿಲ್ಲಿಸಿದ ಕೆಲವು ತಿಂಗಳಲ್ಲಿ, ಸಂದುಗಳಲ್ಲಿ ಉಳಿದ ಎಣ್ಣೆ ಮತ್ತೆ ಕರಗಿ, ಏರುತ್ತವೆ. ಯಂತ್ರ ನಿಲ್ಲಿಸಿದ ಮೇಲೆ ಕನಿಷ್ಠ ಒಂದು ಪೂರ್ತಿ ವರ್ಷ, ನೀರು ಏರಿದಾಗಲೂ ಇಳಿದಾಗಲೂ ಅಳೆಯದೆ ಕಡತ ಮುಚ್ಚುವುದು ಸರಿಯಲ್ಲ.

ಕಡತ ಮುಚ್ಚುವಾಗ ವೀಕ್ಷಣಾ ಬಾವಿಗಳನ್ನೂ ಮುಚ್ಚಬೇಕು. ಮೇಲೊಂದು ಬಿರಡೆ ಜಡಿದರೆ ಸಾಲದು. ತಳಕ್ಕೆ ಸಣ್ಣ ಕೊಳವೆ ಇಳಿಸಿ, ಕೆಳಗಿನಿಂದ ಮೇಲಕ್ಕೆ ಸಿಮೆಂಟ್ ಬೆಂಟೊನೈಟ್ ಗಾರೆ ತುಂಬುತ್ತ ಬರಬೇಕು. ಮೇಲಿನಿಂದ ಸುರಿದರೆ ಗಾರೆ ನಡುವೆ ಕಟ್ಟಿಕೊಂಡು ಕೆಳಗೆ ಪೊಳ್ಳು ಉಳಿಯುತ್ತದೆ. ಮುಂದೆ ಯಾವಾಗಲಾದರೂ ನೆಲದ ಮೇಲೆ ಎಣ್ಣೆ ಚೆಲ್ಲಿದರೆ ಅಂತರ್ಜಲಕ್ಕೆ ಇಳಿಯಲು ಆ ಪೈಪೇ ಹತ್ತಿರದ ದಾರಿ.